ಎಣ್ಣೆಮರದ ಬೇರು: ಆದಿ ಕ್ರೈಸ್ತ ಚಿಂತನೆಯ ಯೆಹೂದಿ ಮತ್ತು ಗ್ರೀಕ್ ಮೂಲಗಳು

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ಕ್ರೈಸ್ತ ಧರ್ಮದ ಮೂಲದ ಬಗ್ಗೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಕೊಟ್ಟಾಗ ಸ್ವಲ್ಪ ಹಿಂಜರಿದೆ. ನಾನು ಧರ್ಮಶಾಸ್ತ್ರ ಓದಿದವನಲ್ಲ. ಸರ್ಕಾರಿ ನೌಕರಿಯಲ್ಲಿ ಕಾಲುವೆ, ಸೇತುವೆ, ಎಸ್ಟಿಮೇಟು, ಎಂ.ಬಿ. ಪುಸ್ತಕ ಇಷ್ಟರಲ್ಲೇ ದಿನ ಕಳೆದವನು. ಆದರೆ ಈ ವಿಷಯದಲ್ಲಿ ಒಂದು ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ನೌಕರಿಗೆ ಸೇರಿದ ಹೊಸತರಲ್ಲಿ ನೀರಾವರಿ ಯೋಜನೆಯೊಂದರ ಕ್ಯಾಂಪಿನಲ್ಲಿದ್ದೆ. ಪಕ್ಕದ ಕ್ವಾರ್ಟರ್ಸಿನಲ್ಲಿ ನಮ್ಮ ಕಚೇರಿಯ ಡ್ರಾಫ್ಟ್ಸ್‌ಮನ್ ಒಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಕ್ರೈಸ್ತರು. ಸಂಜೆ ಹೊತ್ತು ಹೋಗದೆ ಅವರ ಕನ್ನಡ ಬೈಬಲ್ ಇಸಿದುಕೊಂಡು ಓದತೊಡಗಿದೆ. ಸೃಷ್ಟಿಯ ಕಥೆ ಬಂತು, ಅಬ್ರಹಾಮ ಬಂದ, ಮೋಶೆ ಬಂದ, ದಾವೀದ ಬಂದ. ತಿಂಗಳುಗಟ್ಟಲೆ ಓದಿದರೂ ಯೇಸುವಿನ ಹೆಸರೇ ಇಲ್ಲ! ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕು, "ಸರ್, ಅದಕ್ಕೆ ಇನ್ನೂ ಬಹಳ ಪುಟ ದಾಟಬೇಕು. ಮೊದಲಿನದೆಲ್ಲ ಯೆಹೂದಿಗಳ ಪುಸ್ತಕ" ಎಂದರು. "ಹಾಗಾದರೆ ಅದು ನಿಮಗೆ ಯಾಕೆ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿಲ್ಲದೆ ಇದು ತಿಳಿಯುವುದಿಲ್ಲ" ಎಂದಷ್ಟೇ ಹೇಳಿದರು.

ಬೈಬಲಿನ ಸುಮಾರು ಮುಕ್ಕಾಲು ಭಾಗ ಯೆಹೂದಿಗಳ ಧರ್ಮಗ್ರಂಥ. ಬೇರೆಯಾಗಿ ನಿಂತ ಒಂದು ಧರ್ಮ ತಾನು ಬಿಟ್ಟುಬಂದ ಮನೆಯ ಪುಸ್ತಕವನ್ನು ಎರಡು ಸಾವಿರ ವರ್ಷ ಏಕೆ ಹೊತ್ತುಕೊಂಡಿದೆ? ಹೊತ್ತುಕೊಂಡಿದ್ದರೂ ಆ ಮನೆಯವರನ್ನು ಏಕೆ ಅಷ್ಟು ದ್ವೇಷಿಸಿತು? ನಿವೃತ್ತಿಯ ನಂತರದ ನನ್ನ ಓದಿನಲ್ಲಿ ಈ ಎರಡು ಪ್ರಶ್ನೆಗಳು ಒಂದೇ ಕಥೆಯ ಎರಡು ಭಾಗಗಳೆಂದು ತಿಳಿಯಿತು.

ಮೊದಲು ಯೇಸುವಿನಿಂದಲೇ ಆರಂಭಿಸೋಣ. ಗಲಿಲಾಯದ ನಜರೇತಿನ ಈತ ಹುಟ್ಟಿದ್ದು ಯೆಹೂದಿಯಾಗಿ, ಬಾಳಿದ್ದು ಯೆಹೂದಿಯಾಗಿ, ಸತ್ತದ್ದೂ ಯೆಹೂದಿಯಾಗಿ. ಮನೆಮಾತು ಅರಾಮಿಕ್. ಯೆಹೂದಿ ಸಭಾಮಂದಿರಗಳಲ್ಲಿ ಬೋಧಿಸಿದ, ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋದ. ರೋಮನ್ ಅಧಿಕಾರಿ ಪೊಂತಿಯ ಪಿಲಾತನ ಆಳ್ವಿಕೆಯಲ್ಲಿ, ಅಂದರೆ ಕ್ರಿ.ಶ. 26 ರಿಂದ 36 ರ ನಡುವೆ, ಶಿಲುಬೆಗೇರಿದ. ತಾನಾಗಿ ಒಂದು ಸಾಲನ್ನೂ ಬರೆದಿಡಲಿಲ್ಲ. ಧರ್ಮಶಾಸ್ತ್ರದಲ್ಲಿ ಅತಿ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಅವನು ಕೊಟ್ಟ ಉತ್ತರ ಎರಡು: ಒಬ್ಬನೇ ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು, ನೆರೆಯವನನ್ನು ತನ್ನಂತೆ ಪ್ರೀತಿಸುವುದು. ಈ ಎರಡನ್ನೂ ನಾವು ಕ್ರೈಸ್ತ ಧರ್ಮದ ವಿಶೇಷವೆಂದುಕೊಂಡಿದ್ದೇವೆ. ಆದರೆ ಇವು ಮೋಶೆಯ ಗ್ರಂಥಗಳಲ್ಲೇ ಇವೆ. ಮೊದಲನೆಯದು ಧರ್ಮೋಪದೇಶಕಾಂಡದಲ್ಲಿ, ಎರಡನೆಯದು ಯಾಜಕಕಾಂಡದಲ್ಲಿ.

'ಕ್ರಿಸ್ತ' ಎನ್ನುವುದು ಹೆಸರಲ್ಲ, ಬಿರುದು. ಹೀಬ್ರೂ ಭಾಷೆಯ 'ಮೆಸ್ಸೀಯ' ಅಂದರೆ ಎಣ್ಣೆಯಿಂದ ಅಭಿಷೇಕಗೊಂಡವನು. ಅದರ ಗ್ರೀಕ್ ಅನುವಾದ 'ಕ್ರಿಸ್ತೋಸ್'. ಅನುಯಾಯಿಗಳಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯ ಪಟ್ಟಣದಲ್ಲಿ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಧರ್ಮದ ಹೆಸರಿನಲ್ಲೇ ಯೆಹೂದಿ ಅರ್ಥ, ಗ್ರೀಕ್ ಶಬ್ದ ಎರಡೂ ಕೂಡಿವೆ.

ಈ ಗ್ರೀಕ್ ಎಲ್ಲಿಂದ ಬಂತು? ಕ್ರಿ.ಪೂ. 332 ರ ಹೊತ್ತಿಗೆ ಅಲೆಕ್ಸಾಂಡರನ ಸೈನ್ಯ ಆ ಪ್ರಾಂತವನ್ನು ಗೆದ್ದಿತು. ಮುಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಬಹು ದೊಡ್ಡ ಯೆಹೂದಿ ಸಮುದಾಯ ಬೆಳೆಯಿತು. ಅವರ ಮಕ್ಕಳು ಗ್ರೀಕ್ ಮಾತಾಡಿದರು, ಹೀಬ್ರೂ ಮರೆಯತೊಡಗಿದರು. ಹೊರನಾಡಿಗೆ ಹೋದ ನಮ್ಮ ಮಕ್ಕಳ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಹಾಗಾಗಿ ಕ್ರಿ.ಪೂ. 3ನೇ ಶತಮಾನದಲ್ಲಿ ಮೋಶೆಯ ಗ್ರಂಥಗಳು, ನಂತರ ಉಳಿದವು, ಗ್ರೀಕಿಗೆ ಅನುವಾದವಾದವು. ಹನ್ನೆರಡು ಕುಲಗಳಿಂದ ಆರಾರು ಜನರಂತೆ 72 ಪಂಡಿತರು ಕುಳಿತು ಅನುವಾದಿಸಿದರೆಂಬ ಐತಿಹ್ಯವಿದೆ. ಅದಕ್ಕೇ ಆ ಅನುವಾದಕ್ಕೆ 'ಎಪ್ಪತ್ತು' ಎಂಬರ್ಥದ ಸೆಪ್ಟುಅಜಿಂಟ್ ಎಂಬ ಹೆಸರು.

ಆದಿ ಕ್ರೈಸ್ತರು ಓದಿದ್ದು ಹೆಚ್ಚಾಗಿ ಈ ಗ್ರೀಕ್ ಅನುವಾದವನ್ನೇ. ಇದರ ಪರಿಣಾಮ ಸಣ್ಣದಲ್ಲ. ಪ್ರವಾದಿ ಯೆಶಾಯನ ಗ್ರಂಥದ 7ನೇ ಅಧ್ಯಾಯದಲ್ಲಿ ಒಬ್ಬ ತರುಣಿ ಗರ್ಭಿಣಿಯಾಗುವ ಮಾತು ಬರುತ್ತದೆ. ಅಲ್ಲಿನ ಹೀಬ್ರೂ ಶಬ್ದ 'ಅಲ್ಮಾ', ಅಂದರೆ ಹರೆಯದ ಹೆಣ್ಣು. ಅನುವಾದಕರು ಬಳಸಿದ್ದು 'ಪಾರ್ಥೆನೋಸ್'. ಅದಕ್ಕೆ ಸಾಮಾನ್ಯವಾಗಿ ಕನ್ಯೆ ಎಂಬ ಅರ್ಥ. ಮತ್ತಾಯನ ಸುವಾರ್ತೆ ಯೇಸುವಿನ ಜನನವನ್ನು ಹೇಳುವಾಗ ಇದನ್ನೇ ಆಧಾರವಾಗಿ ಹಿಡಿಯಿತು. ಕನ್ಯೆಯೋ ತರುಣಿಯೋ ಎಂಬ ವಾದ ಯೆಹೂದಿಗಳಿಗೂ ಕ್ರೈಸ್ತರಿಗೂ ಶತಮಾನಗಳವರೆಗೆ ನಡೆಯಿತು. ಒಂದು ಶಬ್ದದ ಅನುವಾದ ಎಷ್ಟು ಭಾರ ಹೊರಬಲ್ಲದು ನೋಡಿ.

ಈಗ ಒಂದು ಊಟದ ಪಂಕ್ತಿಗೆ ಬರೋಣ. ಈ ಕಥೆಯಲ್ಲಿ ನನ್ನ ಮನಸ್ಸಿಗೆ ಬಹಳ ತಟ್ಟಿದ ಪ್ರಸಂಗ ಇದು.

ಪೌಲ ಎಂಬಾತ ತಾರ್ಸ ಪಟ್ಟಣದ ಯೆಹೂದಿ. ಫರಿಸಾಯ ಪಂಥದವನು, ಗ್ರೀಕಿನಲ್ಲಿ ಬರೆಯಬಲ್ಲವನು. ಯೇಸುವಿನ ಅನುಯಾಯಿಗಳನ್ನು ಮೊದಲು ಹಿಂಸಿಸಿ ಆಮೇಲೆ ತಾನೇ ಅನುಯಾಯಿಯಾದವನು. ಅವನು ಯೆಹೂದಿಗಳಲ್ಲದವರ ನಡುವೆ ಪ್ರಚಾರ ಮಾಡಿದ. ಆಗ ಪ್ರಶ್ನೆ ಎದ್ದಿತು. ಹೊಸದಾಗಿ ಬರುವವರು ಮೊದಲು ಯೆಹೂದಿಗಳಾಗಬೇಕೇ? ಸುನ್ನತಿ ಮಾಡಿಸಿಕೊಳ್ಳಬೇಕೇ? ಆಹಾರದ ನಿಯಮ ಪಾಲಿಸಬೇಕೇ? ಸುಮಾರು ಕ್ರಿ.ಶ. 49 ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಸೇರಿ ಚರ್ಚಿಸಿದರು. ಸುನ್ನತಿ ಬೇಡವೆಂದು ತೀರ್ಮಾನವಾಯಿತು.

ಆದರೆ ಸಭೆಯ ಠರಾವು ಬೇರೆ, ಊಟಕ್ಕೆ ಕೂರುವುದು ಬೇರೆ. ಇದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯ ಕೆಲವರು ಬಂದರು. ಅವರಿಗೆ ಅಂಜಿ ಪೇತ್ರ ಪಂಕ್ತಿಯಿಂದ ಎದ್ದು ದೂರ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ಖಂಡಿಸಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ಹೇಳಿಕೊಂಡಿದ್ದಾನೆ. ಯೇಸುವಿನ ಮುಖ್ಯ ಶಿಷ್ಯನನ್ನೇ ಖಂಡಿಸಿದ ಈ ಮಾತನ್ನು ಕ್ರೈಸ್ತರು ತಮ್ಮ ಧರ್ಮಗ್ರಂಥದಿಂದ ತೆಗೆದುಹಾಕಲಿಲ್ಲ. ಅದು ಅವರ ದೊಡ್ಡತನ.

ಇದನ್ನು ಯೆಹೂದಿ ಧರ್ಮದ ವಿರುದ್ಧ ಕ್ರೈಸ್ತ ಧರ್ಮದ ಜಗಳವೆಂದು ತಿಳಿಯಬಾರದು. ಪೌಲನೂ ಯೆಹೂದಿ, ಪೇತ್ರನೂ ಯೆಹೂದಿ, ಯಾಕೋಬನೂ ಯೆಹೂದಿ. ಒಂದೇ ಮನೆಯೊಳಗಿನ ವಾದ ಅದು. ಸುಮಾರು ಕ್ರಿ.ಶ. 57 ರಲ್ಲಿ ರೋಮಿನವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಇದೇ ಪೌಲ ಒಂದು ಹೋಲಿಕೆ ಕೊಡುತ್ತಾನೆ. ಕನ್ನಡ ಬೈಬಲಿನಲ್ಲಿ ಆಲಿವ್ ಮರಕ್ಕೆ ಎಣ್ಣೆಮರ ಎಂದಿದ್ದಾರೆ. ಇಸ್ರಾಯೇಲ್ ಎಂಬ ಊರ ಎಣ್ಣೆಮರಕ್ಕೆ ಅನ್ಯರೆಂಬ ಕಾಡು ಎಣ್ಣೆಮರದ ಕೊಂಬೆಯನ್ನು ಕಸಿ ಕಟ್ಟಿದೆ ಎನ್ನುತ್ತಾನೆ ಪೌಲ. ಇಲ್ಲಿರುವ ರೈತ ಬಂಧುಗಳಿಗೆ ತಕ್ಷಣ ಅನುಮಾನ ಬರುತ್ತದೆ. ನಾವು ಮಾವಿಗೆ ಕಸಿ ಕಟ್ಟುವಾಗ ನಾಟಿ ಗಿಡದ ಬುಡಕ್ಕೆ ಆಪೂಸಿನ ಕಡ್ಡಿ ಕೂಡಿಸುತ್ತೇವೆ. ಪೌಲ ಹೇಳಿದ್ದು ಉಲ್ಟಾ: ಒಳ್ಳೆಯ ಬುಡಕ್ಕೆ ಕಾಡು ಕಡ್ಡಿ. ಇದು ಸಹಜವಲ್ಲವೆಂದು ಅವನೇ ಒಪ್ಪುತ್ತಾನೆ. ಅನ್ಯರಿಗೆ ಅವನು ಕೊಟ್ಟ ಎಚ್ಚರಿಕೆ ಇಷ್ಟು: ನೀನು ಕಸಿಯಾಗಿ ಬಂದವನು. ಬೇರನ್ನು ನೀನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ. ಆದ್ದರಿಂದ ಜಂಬ ಪಡಬೇಡ. ಈ ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರೀಕ್ ಚಿಂತನೆ ಬಂದದ್ದು ಭಾಷೆಯ ಬೆನ್ನೇರಿ. ಅದರ ಮುಖ್ಯ ಶಬ್ದ 'ಲೋಗೋಸ್'. ಈ ಶಬ್ದಕ್ಕೆ ಮಾತು, ವಿವೇಕ, ಲೆಕ್ಕ, ಕಾರಣ ಇಷ್ಟೂ ಅರ್ಥಗಳಿವೆ. ಎಫೆಸದ ಹೆರಾಕ್ಲಿಟಸ್ ಸುಮಾರು ಕ್ರಿ.ಪೂ. 500 ರಲ್ಲಿ ಎಲ್ಲವೂ ಲೋಗೋಸಿಗೆ ಅನುಸಾರವಾಗಿ ನಡೆಯುತ್ತದೆ ಎಂದ. ಸ್ಟೋಯಿಕ್ ದಾರ್ಶನಿಕರಿಗೆ ಅದು ಜಗತ್ತನ್ನು ಒಳಗಿನಿಂದ ನಡೆಸುವ ವಿವೇಕ. ಇತ್ತ ಯೆಹೂದಿಗಳಲ್ಲಿ ದೇವರು ಜಗತ್ತನ್ನು ಸೃಷ್ಟಿಸಿದ್ದೇ ಮಾತಿನಿಂದ. ಜ್ಞಾನೋಕ್ತಿಗಳ 8ನೇ ಅಧ್ಯಾಯದಲ್ಲಿ ಜ್ಞಾನವೇ ಒಬ್ಬ ಹೆಣ್ಣಾಗಿ, ಸೃಷ್ಟಿಯ ಆರಂಭದಲ್ಲಿ ದೇವರ ಬಳಿ ಇದ್ದೆನೆಂದು ಮಾತಾಡುತ್ತದೆ.

ಈ ಎರಡು ಹೊಳೆಗಳು ಕೂಡಿದ್ದು ಅಲೆಕ್ಸಾಂಡ್ರಿಯದ ಫಿಲೋ ಎಂಬ ಯೆಹೂದಿ ಪಂಡಿತನಲ್ಲಿ. ಯೇಸುವಿನ ಸಮಕಾಲೀನನಾದರೂ ಫಿಲೋ ಎಲ್ಲೂ ಯೇಸುವಿನ ಹೆಸರೆತ್ತಿಲ್ಲ. ತನ್ನ ಜನರ ಮೇಲಿನ ಹಿಂಸೆಯ ದೂರು ಹೊತ್ತು ಚಕ್ರವರ್ತಿ ಕಲಿಗುಲನ ಬಳಿಗೆ ನಿಯೋಗ ಹೋದವನು. ಮೋಶೆಯ ಗ್ರಂಥವನ್ನು ಪ್ಲೇಟೋನ ಕಣ್ಣಿನಿಂದ ಓದಿದ. ಕಾಣದ ದೇವರಿಗೂ ಕಾಣುವ ಜಗತ್ತಿಗೂ ನಡುವೆ ಲೋಗೋಸನ್ನು ಇಟ್ಟ. ಸ್ವಾರಸ್ಯವೆಂದರೆ ಅವನ ಗ್ರಂಥಗಳನ್ನು ಪ್ರತಿ ಮಾಡಿ ಉಳಿಸಿದವರು ಯೆಹೂದಿಗಳಲ್ಲ, ಕ್ರೈಸ್ತರು.

ಮೊದಲನೆಯ ಶತಮಾನದ ಕೊನೆಯ ಹೊತ್ತಿಗೆ ಬಂದ ಯೋಹಾನನ ಸುವಾರ್ತೆ ಲೋಗೋಸಿನಿಂದಲೇ ಆರಂಭವಾಗುತ್ತದೆ. ಕನ್ನಡ ಬೈಬಲಿನಲ್ಲಿ ಅದು 'ವಾಕ್ಯ' ಆಗಿದೆ. ಆ ಡ್ರಾಫ್ಟ್ಸ್‌ಮನ್ನರ ಪುಸ್ತಕದಲ್ಲಿ ಈ ಪುಟ ಓದಿದಾಗ ನಾನು ವ್ಯಾಕರಣದ ವಾಕ್ಯವೆಂದೇ ತಿಳಿದು ತಬ್ಬಿಬ್ಬಾಗಿದ್ದೆ! ಜಗತ್ತಿನ ವಿವೇಕದ ಬಗ್ಗೆ ಗ್ರೀಕ್ ಪಂಡಿತನೊಬ್ಬ ಇದನ್ನು ಓದಿದ್ದರೆ ಮೊದಲ ಸಾಲುಗಳಿಗೆ ತಲೆದೂಗುತ್ತಿದ್ದ. ಆದರೆ 14ನೇ ವಚನಕ್ಕೆ ಬಂದಾಗ ಆ ವಿವೇಕವೇ ಮಾಂಸಧಾರಿಯಾಯಿತು ಎಂದಿದೆ. ಅಲ್ಲಿ ಅವನು ಪುಸ್ತಕ ಕೆಳಗಿಡುತ್ತಿದ್ದ. ದೇಹಕ್ಕೆ ಅಷ್ಟು ಬೆಲೆ ಕೊಡುವುದು ಪ್ಲೇಟೋನ ಶಿಷ್ಯರಿಗೆ ಸಲ್ಲದ ಮಾತು. ಪೌಲ ಅಥೆನ್ಸಿನ ಅರಿಯೊಪಾಗದಲ್ಲಿ ಮಾತಾಡಿದಾಗ ಆದದ್ದೂ ಇದೇ. ದೇವರು ಒಬ್ಬನೇ, ಅವನು ಗುಡಿಗಳಲ್ಲಿ ವಾಸಿಸುವವನಲ್ಲ ಎನ್ನುವವರೆಗೆ ಕೇಳಿದರು. ಸತ್ತವರು ಎದ್ದುಬರುವ ಮಾತು ಬಂದಾಗ ಕೆಲವರು ಗೇಲಿ ಮಾಡಿದರು. ಆತ್ಮ ಅಮರ, ದೇಹ ಅದರ ಸೆರೆಮನೆ ಎನ್ನುವುದು ಪ್ಲೇಟೋನ ದಾರಿ. ದೇವರು ಸತ್ತವರನ್ನು ದೇಹಸಹಿತ ಎಬ್ಬಿಸುತ್ತಾನೆ ಎನ್ನುವುದು ಫರಿಸಾಯರ ನಂಬಿಕೆ. ಕ್ರೈಸ್ತರು ಆತ್ಮದ ಅಮರತ್ವವನ್ನು ಗ್ರೀಕರಿಂದ ಪಡೆದರೂ ದೇಹದ ಪುನರುತ್ಥಾನವನ್ನು ಬಿಡಲಿಲ್ಲ. ಮಾತು ಗ್ರೀಕಾದರೂ ಗಟ್ಟಿ ನಂಬಿಕೆ ಯೆಹೂದಿಯದೇ ಉಳಿಯಿತು.

2ನೇ ಶತಮಾನದ ಇಬ್ಬರನ್ನು ನೋಡೋಣ. ಈ ಇಬ್ಬರ ನಡುವೆಯೇ ನನ್ನ ಪ್ರಶ್ನೆಯ ಉತ್ತರವಿದೆ.

ಮೊದಲನೆಯವನು ಜಸ್ಟಿನ್. ಇಂದಿನ ನಾಬ್ಲುಸ್ ಪಟ್ಟಣದಲ್ಲಿ ಹುಟ್ಟಿದವನು. ಸತ್ಯ ಹುಡುಕುತ್ತ ಒಬ್ಬೊಬ್ಬ ಗುರುವಿನ ಬಳಿ ಹೋದದ್ದನ್ನು ಅವನೇ ಬರೆದಿದ್ದಾನೆ. ಸ್ಟೋಯಿಕ್ ಗುರುವಿಗೆ ದೇವರ ವಿಷಯ ಮುಖ್ಯವೇ ಆಗಿರಲಿಲ್ಲ. ಅರಿಸ್ಟಾಟಲನ ಪಂಥದವನು ಮೊದಲು ಫೀಸು ಕೇಳಿದ. ಪೈಥಾಗೊರಸನ ಪಂಥದವನು ಸಂಗೀತ, ಖಗೋಳ, ಜ್ಯಾಮಿತಿ ಕಲಿತು ಬಾ ಎಂದ. ಕೊನೆಗೆ ಪ್ಲೇಟೋ ಹಿಡಿಸಿದ. ಆಮೇಲೆ ಕಡಲ ದಂಡೆಯಲ್ಲಿ ಸಿಕ್ಕ ಒಬ್ಬ ಮುದುಕನ ಮಾತಿನಿಂದ ಕ್ರೈಸ್ತನಾದ. ಆದರೂ ದಾರ್ಶನಿಕನ ನಿಲುವಂಗಿ ಬಿಡಲಿಲ್ಲ. ಲೋಗೋಸ್ ಎಲ್ಲ ಮನುಷ್ಯರಲ್ಲೂ ಬೀಜರೂಪದಲ್ಲಿದೆ, ಅದರಂತೆ ಬಾಳಿದ ಸಾಕ್ರಟೀಸ್, ಹೆರಾಕ್ಲಿಟಸ್, ಅಬ್ರಹಾಮ, ಎಲೀಯ ಎಲ್ಲರೂ ಕ್ರೈಸ್ತರೇ ಎಂದ. ಸುಮಾರು ಕ್ರಿ.ಶ. 165 ರಲ್ಲಿ ರೋಮಿನಲ್ಲಿ ಅವನ ತಲೆ ಕಡಿದರು.

ಇದೇ ಜಸ್ಟಿನ್, ಟ್ರೈಫೋ ಎಂಬ ಯೆಹೂದಿಯೊಡನೆ ನಡೆಸಿದ ಸಂವಾದವೆಂದು ಒಂದು ಗ್ರಂಥ ಬರೆದ. ಟ್ರೈಫೋ ಕೇಳುವುದು ನ್ಯಾಯವಾದ ಪ್ರಶ್ನೆ: ನಮ್ಮ ಗ್ರಂಥ ಒಪ್ಪುತ್ತೀರಿ, ಅದು ಹೇಳಿದ ಸಬ್ಬತ್, ಹಬ್ಬ, ಸುನ್ನತಿ ಯಾವುದನ್ನೂ ಪಾಲಿಸುವುದಿಲ್ಲ, ಇದು ಹೇಗೆ? ಜಸ್ಟಿನ್ ಉದ್ದಕ್ಕೂ ವಾದಿಸುತ್ತಾನೆ. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಒಳಿತು ಕೋರಿ ಬೀಳ್ಕೊಳ್ಳುತ್ತಾರೆ. ಆದರೆ ನಡುವೆ ಒಂದು ಕಡೆ ಜಸ್ಟಿನ್ ಈ ಮಾತುಗಳು ನಿಮ್ಮ ಗ್ರಂಥದಲ್ಲಿವೆ ಎಂದು ಹೇಳಿ, ತಕ್ಷಣ ತಿದ್ದಿಕೊಂಡು, ನಿಮ್ಮದಲ್ಲ, ನಮ್ಮದು ಎನ್ನುತ್ತಾನೆ. ಓದುವಾಗ ನಾನು ಅಲ್ಲಿ ನಿಂತುಬಿಟ್ಟೆ. ಪಾಲು ಕೇಳಲು ಬಂದವನು ಇಡೀ ಮನೆಯ ಪತ್ರವನ್ನು ತನ್ನ ಹೆಸರಿಗೆ ಬರೆಸಿಕೊಂಡಂತೆ ಆಯಿತು.

ಎರಡನೆಯವನು ಮಾರ್ಕಿಯೋನ. ಕಪ್ಪು ಸಮುದ್ರದ ದಡದ ಸಿನೋಪೆಯವನು, ಹಡಗುಗಳ ಒಡೆಯ. ರೋಮಿನ ಕ್ರೈಸ್ತ ಸಭೆಗೆ ಸೇರುವಾಗ ಎರಡು ಲಕ್ಷ ಸೆಸ್ಟೆರ್ಸ್ ನಾಣ್ಯ ಕಾಣಿಕೆ ಕೊಟ್ಟ. ಅವನ ವಾದ ಸರಳ. ಯೆಹೂದಿ ಗ್ರಂಥದ ದೇವರು ಬೇರೆ, ಯೇಸುವಿನ ತಂದೆ ಬೇರೆ. ಮೊದಲನೆಯವನು ದಂಡಿಸುವವನು, ಎರಡನೆಯವನು ಪ್ರೀತಿಸುವವನು. ಆದ್ದರಿಂದ ಹಳೆಯ ಗ್ರಂಥ ಪೂರ್ತಿ ಬೇಡ. ಲೂಕನ ಸುವಾರ್ತೆಯೊಂದನ್ನು ಕತ್ತರಿಸಿ ಇಟ್ಟುಕೊಂಡ, ಪೌಲನ ಹತ್ತು ಪತ್ರಗಳನ್ನೂ ಹಾಗೆಯೇ. ಬೇರನ್ನೇ ಕಡಿದುಬಿಟ್ಟರೆ ಗೊಂದಲವೇ ಇಲ್ಲವೆಂದು ಅವನ ಲೆಕ್ಕ. ಕ್ರಿ.ಶ. 144 ರಲ್ಲಿ ಸಭೆ ಅವನನ್ನು ಹೊರಹಾಕಿತು, ಕಾಣಿಕೆಯನ್ನೂ ಹಿಂತಿರುಗಿಸಿತು. ಎಂಜಿನಿಯರ್ ಆಗಿ ಹೇಳುತ್ತೇನೆ, ಠೇವಣಿ ಇಷ್ಟು ಸುಲಭವಾಗಿ ವಾಪಸಾದ ಪ್ರಸಂಗ ನನಗೆ ಬೇರೆ ತಿಳಿದಿಲ್ಲ!

ಸಭೆ ಏಕೆ ಒಪ್ಪಲಿಲ್ಲ? ಲಿಯೋನಿನ ಐರೇನಿಯಸ್, ಕಾರ್ತೇಜಿನ ತೆರ್ತುಲಿಯನ್ ಮೊದಲಾದವರು ಉತ್ತರ ಕೊಟ್ಟರು. ತೆರ್ತುಲಿಯನ್ ಅಂತೂ ಮಾರ್ಕಿಯೋನನ ವಿರುದ್ಧ ಐದು ಪುಸ್ತಕ ಬರೆದ. ಜಗತ್ತನ್ನು ಸೃಷ್ಟಿಸಿದವನೂ ಅದನ್ನು ಉಳಿಸುವವನೂ ಒಬ್ಬನೇ. ಹಾಗಲ್ಲದಿದ್ದರೆ ಈ ಮಣ್ಣು, ಈ ದೇಹ, ಈ ಹಸಿವು ಎಲ್ಲ ಕೆಳದರ್ಜೆಯ ದೇವರ ಕೆಲಸವಾಗುತ್ತದೆ. ಪ್ರವಾದಿಗಳಿಲ್ಲದೆ ಮೆಸ್ಸೀಯ ಎಂಬ ಶಬ್ದಕ್ಕೇ ಅರ್ಥವಿಲ್ಲ. ಆ ಡ್ರಾಫ್ಟ್ಸ್‌ಮನ್ ಹೇಳಿದ, ಅದಿಲ್ಲದೆ ಇದು ತಿಳಿಯುವುದಿಲ್ಲ ಎಂಬ ಮಾತನ್ನೇ ಇವರು ಬೇರೆ ರೀತಿಯಲ್ಲಿ ಹೇಳಿದರು. ಹೀಗೆ ಎರಡು ಗ್ರಂಥಗಳು ಒಂದೇ ರಟ್ಟಿನೊಳಗೆ ಉಳಿದವು. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎರಡನೆಯ ಪ್ರಶ್ನೆಯ ಉತ್ತರ ಕಹಿಯಾದದ್ದು. ಗ್ರಂಥವನ್ನು ಉಳಿಸಿಕೊಂಡವರು ಗ್ರಂಥದ ಮಕ್ಕಳನ್ನು ದೂಡಿದರು. ಜಸ್ಟಿನನ ಕಾಲದವನೇ ಆದ ಸಾರ್ದಿಸಿನ ಮೆಲಿಟೋ ತನ್ನ ಪಸ್ಕದ ಪ್ರವಚನದಲ್ಲಿ ಇಸ್ರಾಯೇಲು ದೇವರನ್ನೇ ಕೊಂದಿತೆಂಬ ಆರೋಪ ಹೊರಿಸಿದ. ಕ್ರಿ.ಶ. 325 ರ ನಿಕೇಯ ಸಭೆ ಮಗನು ತಂದೆಯೊಡನೆ ಒಂದೇ ಸತ್ತ್ವದವನೆಂದು ಸಾರಲು, ಬೈಬಲಿನಲ್ಲಿ ಎಲ್ಲೂ ಇಲ್ಲದ 'ಹೊಮೊಊಸಿಯೋಸ್' ಎಂಬ ಗ್ರೀಕ್ ಶಬ್ದವನ್ನು ಬಳಸಿತು. ಅದೇ ಸಭೆಯ ನಂತರ ಚಕ್ರವರ್ತಿ ಕಾನ್‌ಸ್ಟಂಟೈನ್ ಹೊರಡಿಸಿದ ಪತ್ರ, ಹಬ್ಬದ ದಿನ ಗೊತ್ತುಮಾಡುವಾಗ ಯೆಹೂದಿಗಳ ಪದ್ಧತಿ ಅನುಸರಿಸುವುದು ನಮಗೆ ತಕ್ಕುದಲ್ಲವೆಂದಿತು. ಗ್ರೀಕ್ ಮಾತಿಗೆ ಬಾಗಿಲು ತೆರೆದಿತ್ತು, ಯೆಹೂದಿ ಪಂಚಾಂಗಕ್ಕೆ ಮುಚ್ಚಿತ್ತು.

ಕ್ರಿ.ಶ. 386-387 ರಲ್ಲಿ ಅದೇ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ಟೊಮ್ ಯೆಹೂದಿಗಳ ವಿರುದ್ಧ ಎಂಟು ಪ್ರವಚನಗಳನ್ನು ಮಾಡಿದ. ಕ್ರಿಸೊಸ್ಟೊಮ್ ಅಂದರೆ ಚಿನ್ನದ ಬಾಯಿಯವನು. ಬಡವರ ಪರವಾಗಿ ಶ್ರೀಮಂತರನ್ನು ಬೈದ ದೊಡ್ಡ ವಾಗ್ಮಿ. ಆದರೆ ಆ ಎಂಟು ಪ್ರವಚನಗಳಲ್ಲಿ ಆ ಬಾಯಿಂದ ಬಂದದ್ದು ವಿಷ. ಕಾರಣ ಏನು ಗೊತ್ತೇ? ಅವನ ಸಭೆಯ ಕ್ರೈಸ್ತರು ಯೆಹೂದಿ ಹಬ್ಬಗಳಿಗೆ ಹೋಗುತ್ತಿದ್ದರು, ಉಪವಾಸ ಮಾಡುತ್ತಿದ್ದರು, ಆಣೆ ಮಾಡಬೇಕಾದರೆ ಯೆಹೂದಿ ಸಭಾಮಂದಿರದಲ್ಲಿ ಮಾಡಿದರೆ ಹೆಚ್ಚು ಬಿಗಿ ಎಂದು ನಂಬುತ್ತಿದ್ದರು. ಅಂದರೆ ಪೌಲನ ಕಾಲದಿಂದ ಮುನ್ನೂರು ವರ್ಷವಾದರೂ ಓಣಿಯ ಜನ ಕೂಡಿಯೇ ಬಾಳುತ್ತಿದ್ದರು. ಬೇರೆ ಮಾಡಬೇಕೆಂಬ ಆತುರ ವೇದಿಕೆಯ ಮೇಲಿನದು. ವೇದಿಕೆಯ ಮೇಲೆ ನಿಂತು ಮಾತಾಡುವ ನನ್ನಂಥವರು ಇದನ್ನು ಮರೆಯಬಾರದು.

ಆ ಮಾತುಗಳು ಸಾಯಲಿಲ್ಲ. 1939 ರಲ್ಲಿ ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳು, ಪ್ರೊಫೆಸರುಗಳು ಸೇರಿ ಜರ್ಮನ್ ಕ್ರೈಸ್ತ ಜೀವನದಿಂದ ಯೆಹೂದಿ ಪ್ರಭಾವವನ್ನು ಅಳಿಸಲೆಂದೇ ಒಂದು ಸಂಸ್ಥೆ ತೆರೆದರು. ಮರುವರ್ಷ ಯೆಹೂದಿ ಗುರುತುಗಳನ್ನು ತೆಗೆದ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿದರು. ಸಭೆ ಸಾವಿರದ ಎಂಟುನೂರು ವರ್ಷಗಳ ಹಿಂದೆ ಹೊರಹಾಕಿದ್ದ ಮಾರ್ಕಿಯೋನನ ಕತ್ತರಿ ಸಭೆಯೊಳಗಿನಿಂದಲೇ ಎದ್ದುಬಂತು. ಅದೇ ವರ್ಷಗಳಲ್ಲಿ ಯುರೋಪಿನ ಸುಮಾರು 60 ಲಕ್ಷ ಯೆಹೂದಿಗಳ ಕೊಲೆಯಾಯಿತು. ಕೊಂದದ್ದು ನಾಜಿ ರಾಜ್ಯ, ಆದಿ ಕ್ರೈಸ್ತರ ವಾದಗಳಿಂದಲೇ ಇದಾಯಿತೆಂದರೆ ತಪ್ಪಾಗುತ್ತದೆ. ಆದರೆ ತಲೆತಲಾಂತರದ ತಾತ್ಸಾರದ ಮಾತು ನೆಲವನ್ನು ಹದ ಮಾಡಿಟ್ಟಿತ್ತು ಎಂಬುದನ್ನು ಕ್ರೈಸ್ತ ಚಿಂತಕರೇ ಒಪ್ಪಿಕೊಂಡಿದ್ದಾರೆ.

ಒಪ್ಪಿಕೊಂಡದ್ದು ದೊಡ್ಡದು. 1965 ರ ಅಕ್ಟೋಬರ್ 28 ರಂದು ಎರಡನೆಯ ವ್ಯಾಟಿಕನ್ ಮಹಾಸಭೆ 'ನೋಸ್ತ್ರಾ ಎತಾತೆ' ಎಂಬ ಘೋಷಣೆ ಹೊರಡಿಸಿತು. ಯೇಸುವಿನ ಸಾವನ್ನು ಅಂದಿನ ಎಲ್ಲ ಯೆಹೂದಿಗಳ ಮೇಲಾಗಲಿ, ಇಂದಿನ ಯೆಹೂದಿಗಳ ಮೇಲಾಗಲಿ ಹೊರಿಸಬಾರದೆಂದು ಅದು ಹೇಳಿತು. ಹಾಗೆ ಹೇಳುವಾಗ ಅದು ನೆನೆದದ್ದು ಪೌಲನ ಅದೇ ಎಣ್ಣೆಮರವನ್ನು, ಅದೇ ಕಸಿಯನ್ನು. ಮೊದಲನೆಯ ಶತಮಾನದ ಎಚ್ಚರಿಕೆ ಅಧಿಕೃತವಾಗಿ ಕಿವಿಗೆ ಬೀಳಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಬಂಧುಗಳೇ, ಮಾತು ಮುಗಿಸುತ್ತೇನೆ. ಬೇರೆಯಾಗಿ ನಿಲ್ಲುವುದು ತಪ್ಪೆಂದು ಈ ಇತಿಹಾಸ ಹೇಳುವುದಿಲ್ಲ. ಅಂತಿಯೋಕ್ಯದ ಪಂಕ್ತಿಯಲ್ಲಿ ಪೌಲ ಎದ್ದು ನಿಂತದ್ದು ಸರಿ. ಅವನು ಅಂದು ಸುಮ್ಮನಿದ್ದಿದ್ದರೆ ಅನ್ಯರು ಎಂದಿಗೂ ಎರಡನೆಯ ಪಂಕ್ತಿಯವರೇ ಆಗಿ ಉಳಿಯುತ್ತಿದ್ದರು. ಆದರೆ ಅದೇ ಪೌಲ, ಬೇರಿನ ಮೇಲೆ ಜಂಬ ಪಡಬೇಡಿ ಎಂದೂ ಹೇಳಿದ. ಮುಂದೆ ಬಂದವರು ಅವನ ಮೊದಲ ಮಾತನ್ನು ಹಿಡಿದರು, ಎರಡನೆಯದನ್ನು ಬಿಟ್ಟರು. ಸುಧಾರಣೆಯ ಮಾತಾಡುವ ನಾವು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆಂದು ನನಗೆ ಅನಿಸಿದೆ. ಪಂಕ್ತಿಭೇದವನ್ನು ಒಪ್ಪಬಾರದು. ಅದನ್ನು ವಿರೋಧಿಸುವ ಭರದಲ್ಲಿ ಪಕ್ಕದ ಮನೆಯವರನ್ನು ಹಗೆಗಳಾಗಿಯೂ ಮಾಡಿಕೊಳ್ಳಬಾರದು.

ಆ ಹಿರಿಯ ಡ್ರಾಫ್ಟ್ಸ್‌ಮನ್ ನನಗೆ ವರ್ಗವಾದಾಗ ಬೈಬಲನ್ನು ವಾಪಸು ತೆಗೆದುಕೊಳ್ಳಲಿಲ್ಲ. "ಇಟ್ಟುಕೊಳ್ಳಿ ಸರ್, ಮೊದಲಿನಿಂದಲೇ ಓದಿ" ಎಂದರು. ರಟ್ಟು ಸಡಿಲವಾಗಿತ್ತು. ಎರಡು ಸಲ ಬೈಂಡು ಹಾಕಿಸಿದ್ದೇನೆ. ಎರಡು ಸಲವೂ ಬೈಂಡಿನವನು, "ದಪ್ಪ ಬಹಳ ಆಯ್ತು, ಎರಡು ಭಾಗ ಮಾಡಲೇ ಸರ್?" ಎಂದು ಕೇಳಿದ. ಬೇಡಪ್ಪಾ, ಒಂದೇ ಇರಲಿ ಎಂದೆ.